ಅಮ್ಮನ ಕಾರ್ಡಿಗೂ ಒಂದು ಜಾಗ

ಅಪ್ಪಾ,

ಕಂಪ್ಯೂಟರ್ ಆನ್ ಮಾಡುವ ಮೊದಲು ಇದನ್ನು ಪೂರ್ತಿ ಓದು. ಮೂರು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದೀಯ, ಓದುವುದಕ್ಕೇನು ಅಡ್ಡಿ?

ಅಮ್ಮನ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿತು. ಅದು ಅವಳು ತೀರಿಕೊಳ್ಳುವ ಮೊದಲು ಫ್ಯಾಕ್ಟರಿಯ ವರ್ಷಾಂತ್ಯದ ಔತಣದಲ್ಲಿ ಚೀಟಿ ಎತ್ತಿ ಗೆದ್ದ ಕೊನೆಯ ಬಹುಮಾನ ಎಂದು ಗೊತ್ತಿದ್ದರೆ, ಹಳೆಯದೆಂದು ಗುಜರಿಗೆ ಹಾಕುತ್ತಿದ್ದೆನೇ? ಗುಜರಿ ಅಂಗಡಿಯ ಲ್ಯಾವ್ ಅತ್ತೆ ಕೆಟ್ಟ ಕುಕ್ಕರುಗಳ ಅಡಿಯಿಂದ ತೆಗೆದುಕೊಟ್ಟರು. "ನಿಮ್ಮಪ್ಪ ದಿನಾ ಬಂದು ಹುಡುಕ್ತಾರೆ ಕಣೇ, ಕನ್ನಡಕ ಮಾತ್ರ ಮನೇಲೇ ಬಿಟ್ಟು ಬರ್ತಾರೆ!" ಎಂದು ನಕ್ಕರು.

ನಾನು ಹೊಸ ಕಾರ್ಡಿನ ಜೊತೆ ಹಾಕಿಸಿದ್ದ ಮದರ್‌ಬೋರ್ಡಿನಲ್ಲಿ ಅದು ಕೂರುವುದಿಲ್ಲ. ಅದಕ್ಕೇ ಕ್ವಾಂಗ್‌ಹುವಾದ ಕಂಪ್ಯೂಟರ್ ಮಾರುಕಟ್ಟೆಯನ್ನೆಲ್ಲ ಸುತ್ತಿ, ಹಳೆಯ ಸ್ಲಾಟೂ ಹೊಸ ಸ್ಲಾಟೂ ಎರಡೂ ಇರುವ ಬೋರ್ಡ್ ತಂದು ಜೋಡಿಸಿದ್ದೇನೆ. ಮಾನಿಟರಿನ ಕೇಬಲ್ ಅಮ್ಮನ ಕಾರ್ಡಿಗೇ ಸಿಕ್ಕಿಸಿದೆ, ದಯವಿಟ್ಟು ಕೀಳಬೇಡ. ನಿನ್ನ ವಿಮಾನದ ಆಟ ಓಡುತ್ತಿದೆ, ನೋಡಿದೆ. ನನ್ನ ಹೊಸ ಕಾರ್ಡಿನಲ್ಲಿ "ಆಕಾಶ ಪ್ಲಾಸ್ಟಿಕ್ ಥರ ಕಾಣತ್ತೆ" ಎಂದು ಇನ್ನು ಗೊಣಗುವ ಹಾಗಿಲ್ಲ.

ಸೋಯಾದಲ್ಲಿ ಬೇಯಿಸಿದ ಹಂದಿಮಾಂಸ ಒಲೆಯ ಮೇಲಿದೆ. ಕೀಬೋರ್ಡಿನ ಮೇಲಿಟ್ಟುಕೊಂಡು ತಿನ್ನಬೇಡ.

ಸಂಜೆ ನಾನು ಮನೆಗೆ ಬಂದಾಗ ಒಂದು ಮಾತಾದರೂ ಆಡು. "ಟೀ ಎಲ್ಲೇ?" ಎಂದು ಬೈದರೂ ಸಾಕು, ಚಪ್ಪಲಿಯನ್ನೂ ಬಿಡದೆ ಓಡಿಹೋಗಿ ಮಾಡಿಕೊಡುತ್ತೇನೆ.

ಶು-ಯುವಾನ್