ಗುಡ್ಡಬಾಕನ ಹುಟ್ಟಿನ ಜಗಳ

ದೋಸ್ತಾ ತಿಪ್ಪೇಶಿ,

ನೀನು ಹೋದ ಮೇಲೆ ಗುಡ್ಡಬಾಕನ ಇನ್ನೊಂದು ಸಿನಿಮಾ ಬಂತು. ನೀನಿದ್ದಿದ್ದರೆ ಮೊದಲ ಆಟಕ್ಕೇ ಓಡುತ್ತಿದ್ದೆ, ಇಂಟರ್ವಲ್ಲಿಗೆ ಎದ್ದು ಬರುತ್ತಿದ್ದೆ. ಅಷ್ಟು ಕೆಟ್ಟದಾಗಿದೆ. ಹಾಗಲ್ಲ, ಭಾಳ ಚೆನ್ನಾಗಿದೆ ಅನ್ನುವವರೂ ಇದ್ದಾರೆ. ಅವರ ಜೊತೆ ನಾನೀಗ ಚಹಾ ಕುಡಿಯುತ್ತಿಲ್ಲ.

ನೆನಪಿದೆಯಾ, ನಾವಿಬ್ಬರೂ ಹೊಸಪೇಟೆಯಲ್ಲಿ ಮೊದಲಿನ ಸಿನಿಮಾ ನೋಡಿ ಬಂದ ಮಾರನೇ ದಿನ? ಸಂಡೂರು ದಾರಿಯಲ್ಲಿ ತೂಕದ ಕಾಟಾದಿಂದ ಹಿಡಿದು ಗುಡ್ಡದ ತಿರುವಿನ ತನಕ ಅದಿರು ಲಾರಿಗಳು ಒಂದರ ಬೆನ್ನಿಗೊಂದು ನಿಂತಿದ್ದವು. ಕಾಟಾ ಕೆಟ್ಟಿತ್ತು, ತೂಕವಾಗದೆ ಒಂದೂ ಅಲುಗುವಂತಿರಲಿಲ್ಲ. ನಿನ್ನ ಅವ್ವ ಗೌರಮ್ಮನ ಚಹಾ ಗುಡಿಸಲ ಮುಂದೆ ಹಳೇ ಟೈರಿನ ಮೇಲೆ ಕುಂತು ನೀನು ಸಿನಿಮಾ ಕಥೆ ಶುರು ಮಾಡಿದೆ. ಎದುರಿಗೆ ಹ್ಞೂಂ ಅನ್ನಲು ನಾನು. ನಮ್ಮ ಚೋರನೂರಿನಲ್ಲಿ ಕಥೆ ಅಂದರೆ ಹಾಗೇ ಅಲ್ಲವಾ? ಹೇಳುವವನ ಎದುರು ಒಬ್ಬ ಹ್ಞೂಂ ಅನ್ನಬೇಕು. ಹ್ಞೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲಬೇಕು. ಚಿಕ್ಕಂದಿನಿಂದ ನೀನು ಹೇಳುವವ, ನಾನು ಹ್ಞೂಂ ಅನ್ನುವವ.

ಆವತ್ತು ಕಂಪ್ಲಿ ಬಸಣ್ಣ ಒಂದು ಪ್ರಶ್ನೆ ಕೇಳಿಬಿಟ್ಟ. ಅವನಷ್ಟು ವಯಸ್ಸಾದ ಡ್ರೈವರು ಇಡೀ ಸಾಲಿನಲ್ಲಿ ಇನ್ನೊಬ್ಬನಿಲ್ಲ, ಅವನು ಕೇಳಿದರೆ ಉತ್ತರ ಕೊಡಲೇಬೇಕು. ಆಕಾಶದ ಯಾವುದೋ ಕೆಂಪು ಲೋಕ, ಅಲ್ಲಿ ಗುಡ್ಡಗಳನ್ನೇ ನುಂಗುವ ಕಬ್ಬಿಣದ ದೈತ್ಯ, ಸರಿ. ಸಿನಿಮಾದಲ್ಲಿ ಅದಕ್ಕೆ ಯಾವುದೋ ನಂಬರೇ ಹೆಸರು, ನೀನು ಗುಡ್ಡಬಾಕ ಎಂದೆ, ಅದೂ ಸರಿ. "ಅಲ್ಲಪಾ ತಿಪ್ಪೇಶಿ, ಅದು ಹುಟ್ಟಿದ್ದೆಲ್ಲಿ? ಗುಡ್ಡ ಯಾಕ ತಿಂತೈತಿ? ಜ್ವಾಳದ ರೊಟ್ಟಿ ಸಿಗಲಿಲ್ಲೇನು?" ಅಂದ ಬಸಣ್ಣ. ಎಲ್ಲರೂ ನಕ್ಕರು. ಸಿನಿಮಾದಲ್ಲಿ ಅದರ ಸುದ್ದಿಯೇ ಇರಲಿಲ್ಲ. ನೀನು ಒಂದು ಗಳಿಗೆ ಎದುರಿನ ಕೊರೆದ ಗುಡ್ಡ ನೋಡಿದೆ. ಆಮೇಲೆ...

ಆಮೇಲೆ ನೀನು ಹೇಳಿದ್ದನ್ನು ಈ ದಾರಿಯ ಯಾವ ಡ್ರೈವರೂ ಮರೆತಿಲ್ಲ. ಗುಡ್ಡಬಾಕ ಮೊದಲು ಒಬ್ಬ ಮಗ. ಅವನ ಅವ್ವ ಗಣಿಯಲ್ಲಿ ಬುಟ್ಟಿ ಹೊರುವಾಕೆ. ಒಂದು ದಿನ ಗುಡ್ಡ ಜರುಗಿ ಅವಳು ಒಳಗೇ ಹೋದಳು. ಮಗ ಕೈಯಿಂದ ತೋಡಿದ. ಉಗುರು ಹೋದವು, ಬೆರಳು ಹೋದವು, ಅವುಗಳ ಜಾಗದಲ್ಲಿ ಕಬ್ಬಿಣ ಬೆಳೆಯಿತು. ಆ ಗುಡ್ಡ ಮುಗಿಸಿ ಇನ್ನೊಂದು ಗುಡ್ಡ, ಈ ಲೋಕ ಮುಗಿಸಿ ಇನ್ನೊಂದು ಲೋಕ. ಅವನು ತಿನ್ನುತ್ತಿಲ್ಲ, ಹುಡುಕುತ್ತಿದ್ದಾನೆ. ಬಸಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಧೂಳು ಬಿತ್ತು ಎಂದ. ಎಲ್ಲರೂ ಅದು ಸಿನಿಮಾದಲ್ಲೇ ಇರುವ ಕಥೆ ಎಂದು ತಿಳಿದರು. ಜೊತೆಗೆ ಸಿನಿಮಾ ನೋಡಿದ್ದ ನಾನು? ನಾನು ಹ್ಞೂಂ ಅಂದೆ. ಅಂಥ ಕಥೆಗೆ ಹ್ಞೂಂ ಅನ್ನದೆ ಇನ್ನೇನು ಅನ್ನಲಿ? ನಿನ್ನ ಅವ್ವ ಮಾತ್ರ ಆಗ ಕೆಟಲ್ ಹಿಡಿದು ಸಾಲಿನ ಆ ತುದಿಗೆ ಹೋಗಿದ್ದಳು.

ಈ ಹೊಸ ಸಿನಿಮಾದ ಪೋಸ್ಟರ್ ಕಂಡ ದಿನ ನನಗೆ ಮೊದಲು ನೆನಪಾದದ್ದು ಅದೇ. ಇದು ಮುಂದಿನ ಕಥೆಯಲ್ಲ ಮಾರಾಯ, ಹಿಂದಿನದು. ಗುಡ್ಡಬಾಕ ಹುಟ್ಟಿದ ಕಥೆ. ಸಾಲಿನ ಅರ್ಧ ಜನ ಲಾರಿ ಬಿಟ್ಟು, ತಿಪ್ಪೇಶಿ ಹೇಳಿದ್ದನ್ನು ಕಣ್ಣಾರೆ ನೋಡೋಣ ಎಂದು ಹೊಸಪೇಟೆಗೆ ಹೋದೆವು. ನಮಗೆಲ್ಲ ಬರುವ ತೆಲುಗಿಗೆ ಡಬ್ ಮಾಡಿದ್ದರು, ತಿಳಿಯದೆ ಹೋಯಿತು ಅನ್ನುವಂತಿಲ್ಲ. ತೋರಿಸಿದ್ದೇನು? ಬಿಳಿ ಕೋಟಿನ ಒಬ್ಬ ವಿಜ್ಞಾನಿ ಹೆಂಗಸು ನೀರು ಹುಡುಕಲೆಂದು ಒಂದು ಯಂತ್ರ ಮಾಡುತ್ತಾಳೆ. ಅದನ್ನು ಮಗು ಮಗು ಅನ್ನುತ್ತಾಳೆ. ಅದರೊಳಗೆ ಒಂದು ತಂತಿ ಸುಡುತ್ತದೆ, ಅದು ಗುಡ್ಡ ತಿನ್ನುತ್ತದೆ, ಅವಳು ವಿಮಾನ ಹತ್ತಿ ತಪ್ಪಿಸಿಕೊಂಡು ಹೋಗುತ್ತಾಳೆ. ಮುಗಿಯಿತು! ತಂತಿ ಸುಟ್ಟಿತಂತೆ! ನನ್ನ ಲಾರಿಯ ತಂತಿ ವಾರಕ್ಕೊಮ್ಮೆ ಸುಡುತ್ತದೆ, ಅದು ಯಾವ ಗುಡ್ಡ ತಿಂದಿದೆ ಹೇಳು? ಕೋಟಿಗಟ್ಟಲೆ ಸುರಿದು ಲೋಕ ಕಟ್ಟಿದವರಿಗೆ ಒಂದು ಹಸಿವು ಹುಟ್ಟಿಸಲು ಬರಲಿಲ್ಲವಲ್ಲ.

ಆಟ ಬಿಟ್ಟ ಮೇಲೆ ಟಾಕೀಸಿನ ಎದುರು ಮಿರ್ಚಿ ಬಂಡಿಯ ಹತ್ತಿರ ನಡೆದ ಜಗಳವನ್ನು ನೀನು ನೋಡಬೇಕಿತ್ತು. "ನಮ್ಮ ಕಥಿ ಕೆಡಿಸ್ಯಾರಲೇ! ಬುಟ್ಟಿ ಹೊತ್ತಾಕಿ ಎಲ್ಲಿ? ಕತ್ತರಿಸಿ ಒಗದಾರ!" ಎಂದು ಬಸಣ್ಣ ಗೇಟಿನವನ ಮೇಲೆ ಏರಿ ಹೋದ. ಜೆಸಿಬಿ ಓಡಿಸುವ ಬಾಷಾ ಸಿನಿಮಾದ ಕಡೆ ನಿಂತ. ಅವನ ಹಿಂದೆ ಹೊಸ ಹುಡುಗರೆಲ್ಲ.

"ಬಸಣ್ಣಾ, ಗ್ರಾಫಿಕ್ಸ್ ನೋಡಿದ್ಯೋ ಇಲ್ಲೋ? ಆ ಬಕೆಟ್ಟು ಇಳಿಯೋದು, ಹಲ್ಲು ನೆಲಕ್ಕ ಕಚ್ಚೋದು, ಮಸ್ತ್ ಮಾಡ್ಯಾರ. ಮಶೀನ್ ಹಂಗ ಕೆಡೋದು. ನಂದೂ ಒಮ್ಮೆ ಕೆಟ್ಟು ನಿಲ್ಲಲೇ ಇಲ್ಲ."

"ನಿನ್ನ ಮಶೀನು ಸುಡ್ಲಿ. ಅದರಾಗ ದುಃಖ ಎಲ್ಲೈತಿ?"

"ದುಃಖ ಬೇಕಂದ್ರ ಮನ್ಯಾಗ ಕುಂದ್ರು. ಟಿಕೆಟ್ ಯಾಕ ತಗೊಂಡಿ?"

ಸಿಟ್ಟಿನಲ್ಲಿ ನಾನೂ ಏನೇನೋ ಅಂದೆ. ಬಾಷಾನ ಅಂಗಿ ಹಿಡಿದೆನಂತೆ. ಹಿಡಿದಿದ್ದರೆ ಹಿಡಿದಿದ್ದೇನೆ.

ಆ ಜಗಳ ಮಾರನೇ ದಿನ ನಿನ್ನ ಅವ್ವನ ಗುಡಿಸಲಿಗೇ ಬಂತು. ಬಾಷಾ ಚಹಾ ಗ್ಲಾಸು ಹಿಡಿದು ಎಲ್ಲರಿಗೂ ಕೇಳುವಂತೆ ಅಂದ: "ಸಿನಿಮಾ ಸುಳ್ಳಲ್ಲ. ನಿಮ್ಮ ತಿಪ್ಪೇಶಿ ಸುಳ್ಳುಬುರುಕ. ಇಲ್ಲದ ಅವ್ವನ್ನ ತಂದು ಇಡೀ ಲೈನಿಗೆ ಟೋಪಿ ಹಾಕ್ಯಾನ." ಕಾಮಾಲೆಯಲ್ಲಿ ನೀನು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ ತಿಪ್ಪೇಶಿ. ನಿನ್ನ ಅವ್ವ ಸ್ಟೌ ಸಣ್ಣ ಮಾಡಿ ಹೊರಗೆ ಬಂದಳು. ಅವನಿಗೆ ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದೇ ಬೇರೆ.

"ಯಾವ ಅವ್ವ? ನನ್ನ ಮಗ ಏನು ಹೇಳಿದ್ದ?"

ಬಸಣ್ಣ ಅಭಿಮಾನದಿಂದ ಎಲ್ಲ ಹೇಳಿದ. ಬುಟ್ಟಿ, ಗುಡ್ಡ, ಜರುಗಿದ್ದು, ಕೈಯಿಂದ ತೋಡಿದ್ದು. ನಾನು ಅವನ ಕಾಲು ತುಳಿದೆ, ಅವನಿಗೆ ತಿಳಿಯಲಿಲ್ಲ. ಈ ಗುಡಿಸಲು ಹಾಕುವ ಮೊದಲು ಗೌರಮ್ಮ ಎಷ್ಟು ವರ್ಷ ಅದೇ ಗುಡ್ಡದಲ್ಲಿ ಬುಟ್ಟಿ ಹೊತ್ತಳೆಂದು ಕಂಪ್ಲಿಯವನಿಗೆ ಹೇಗೆ ಗೊತ್ತಾಗಬೇಕು?

"ಸಾಯಿಸ್ಯಾನೇನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಹುಲುಗಾ, ನನಗ ಆ ಸಿನಿಮಾ ತೋರಿಸು."

ನಿನ್ನ ಅವ್ವನನ್ನು ಮ್ಯಾಟ್ನಿಗೆ ಕರೆದುಕೊಂಡು ಹೋಗಿ ಕೂರಿಸಿದಾಗ ನನಗೆ ಒಳಗೊಳಗೇ ಧೈರ್ಯವಿತ್ತು. ಅವಳೂ ಈ ಸಿನಿಮಾಕ್ಕೆ ಉಗಿಯುತ್ತಾಳೆ, ಮಗನ ಕಥೆಯೇ ಮೇಲು ಅನ್ನುತ್ತಾಳೆ, ಬಾಷಾನ ಬಾಯಿ ಮುಚ್ಚುತ್ತದೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡಿದಳು. ಬಿಳಿ ಕೋಟಿನಾಕೆ ವಿಮಾನದ ಕಿಟಕಿಯಿಂದ ಹಿಂದೆ ನೋಡುತ್ತಾ ಹೊರಟಾಗ ಸೀಟಿಗೆ ಒರಗಿ ಉಸಿರು ಬಿಟ್ಟಳು. "ಛಲೋ ಐತಿ" ಅಂದಳು.

"ಏನು ಛಲೋ ಐತಿ ಯವ್ವಾ? ತಂತಿ ಸುಟ್ಟಿದ್ದು ಛಲೋನಾ?"

"ತಂತಿ ಹಾಳಾಗಲಿ. ಆಕಿ ಬದುಕಿದಳಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನಿನ್ನ ಮೇಲೆ ಹರಿಹಾಯ್ದಳು, ನನ್ನ ಮೇಲಲ್ಲ. ಕಿಟಕಿಯ ಹೊರಗಿನ ಕೆಂಪು ಧೂಳಿಗೆ ಹೇಳುವಂತೆ ಹೇಳಿದಳು. "ನಾನು ಆ ಗುಡ್ಡದಾಗ ಇಳಿದು, ದಿನಾ ಮ್ಯಾಲೆ ಬಂದಾಕಿ. ಅವಗ ಅನ್ನ ಹಾಕಾಕ ಅಂತ ಬಂದಾಕಿ. ಇವ ನನ್ನನ್ನ ಮ್ಯಾಲೆ ಬರಗೊಡಲಿಲ್ಲ. ಕಥಿಯೊಳಗ ನನ್ನ ಮೊದಲ ಕಳಿಸಿದ, ಖರೇ ತಾನು ಮೊದಲ ಹೋದ. ಇದು ಯಾವ ನ್ಯಾಯ ಹುಲುಗಾ?" ನಿನ್ನ ಪರವಾಗಿ ಒಂದು ಮಾತು ಹುಡುಕಿದೆ. ತುಂಗಭದ್ರಾ ಡ್ಯಾಂ ಹಿಂದಾಗುವ ತನಕ ಹುಡುಕುತ್ತಲೇ ಇದ್ದೆ.

ಮೊನ್ನೆ ಮತ್ತೆ ಕಾಟಾ ಕೆಟ್ಟು ಸಾಲು ನಿಂತಾಗ ಬಸಣ್ಣ ನನ್ನನ್ನು ನಿನ್ನ ಟೈರಿನ ಮೇಲೆ ಕೂರಿಸಿದ. ತಿಪ್ಪೇಶಿಯ ಕಥೆ ಹೇಳು, ಈ ಹುಡುಗರ ಕಿವಿ ತೊಳೆಯಲಿ ಎಂದ. ನಾನು ಹೇಳುವವನಾದರೆ ಹ್ಞೂಂ ಅನ್ನುವವರು ಯಾರು? ನಿನ್ನ ಅವ್ವ ಗ್ಲಾಸುಗಳನ್ನು ಬದಿಗಿಟ್ಟು ನನ್ನೆದುರು ಬಂದು ಕುಂತಳು. ಕೆಂಪು ಲೋಕ ಅಂದೆ, ಹ್ಞೂಂ. ಒಬ್ಬ ಮಗ ಇದ್ದ, ಹ್ಞೂಂ. ಅವ್ವ ಬುಟ್ಟಿ ಹೊತ್ತು ಗಣಿಗೆ ಇಳಿದಳು, ಹ್ಞೂಂ. ಗುಡ್ಡ ಜರುಗಿತು, ಅವ್ವ ಒಳಗೆ...

ಅವಳು ಹ್ಞೂಂ ಅನ್ನಲಿಲ್ಲ. ನಾನು ಕಾದೆ. ಮತ್ತೆ ಹೇಳಿದೆ. ಅವಳು ನನ್ನ ಮುಖ ನೋಡುತ್ತಾ ಸುಮ್ಮನೆ ಕುಂತಿದ್ದಳು. "ಮುಂದಕ ಹೋಗಲೇ!" ಎಂದು ಬಸಣ್ಣ ಕೂಗಿದ. ಹೇಗೆ ಹೋಗಲಿ? ಹ್ಞೂಂ ಇಲ್ಲದ ಕಥೆಯನ್ನು ನಾವು ಯಾವತ್ತಾದರೂ ಮುಂದಕ್ಕೆ ತಳ್ಳಿದ್ದುಂಟಾ? ಕೊನೆಗೆ, ನನ್ನ ಬಾಯಿಂದ ಹೇಗೆ ಬಂತೋ, "ಗುಡ್ಡ ಜರುಗಿತು. ಅವ್ವ ಗಣಿಯ ಆ ಕಡೆಯ ಬಾಯಿಂದ ಹೊರಗೆ ಬಂದಳು" ಅಂದೆ.

"ಹ್ಞೂಂ" ಅಂದಳು.

ಅಯ್ಯೋ, ಆಮೇಲೆ ಬಿದ್ದ ಬೈಗುಳ! ಬಸಣ್ಣ ನನ್ನನ್ನು ಕಥೆಗೇಡಿ ಅಂದ. ಸತ್ತ ದೋಸ್ತನ ಮಾತು ಮುರಿದವನು ಅಂದ. ಬಾಷಾ ಹೊಟ್ಟೆ ಹಿಡಿದು ನಕ್ಕ. "ಅಲ್ಲಣ್ಣಾ, ಇದು ಸಿನಿಮಾದಾಗೂ ಇಲ್ಲ, ತಿಪ್ಪೇಶಿ ಹೇಳಿದ್ದರಾಗೂ ಇಲ್ಲ. ಅವ್ವ ಬದುಕಿದ್ರ ಆ ಗುಡ್ಡಬಾಕ ಯಾಕ ಗುಡ್ಡ ತಿಂತಾನ? ಅದನ್ನರ ಹೇಳು!" ಎರಡೂ ಪಾರ್ಟಿಯವರು ಒಂದಾಗಿದ್ದು ಅದೇ ಮೊದಲು, ನನಗೆ ಉಗಿಯಲು. ಬಾಷಾ ಕೇಳಿದ್ದು ಸರಿಯೇ ಇತ್ತು.

ಉತ್ತರ ಕೊಟ್ಟದ್ದು ನಿನ್ನ ಅವ್ವ. ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಆಕಿ ಬದುಕ್ಯಾಳ ಅನ್ನೋದು ಅವಗ ಗೊತ್ತಿಲ್ಲ" ಅಂದಳು. "ಅವ ಇನ್ನಾ ಈ ಕಡೆ ತೋಡಾಕತ್ಯಾನ. ಕೈ ಎಲ್ಲಾ ಕಬ್ಬಿಣ ಆಗ್ಯಾವ. ಯಾರರ ಹೋಗಿ ಹೇಳಬೇಕು ಅವಗ, ಸಾಕು ಬಿಡಪಾ ಅಂತ." ಒಳಗೆ ಹೋಗಿ ಸ್ಟೌ ಹಚ್ಚಿದಳು. ಬಾಷಾ ತಾನೇ ಎದ್ದು ಗ್ಲಾಸು ಹಂಚಿದ.

ನನಗೆ ಆ ಸಿನಿಮಾದ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಇಲ್ಲ. ಇನ್ನು ಮುಂದೆ ಈ ಸಾಲಿನಲ್ಲಿ ಕಥೆ ಹೇಳುವವನು ನಾನೇ. ನೀನು ಎಷ್ಟು ಬೈದರೂ ಸರಿ, ಅವಳನ್ನು ಮತ್ತೆ ಗುಡ್ಡದೊಳಗೆ ಬಿಡುವುದಿಲ್ಲ. ಯಾರಾದರೂ ಹೋಗಿ ಹೇಳಬೇಕು ಅಂದಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅವ್ವ ಬದುಕ್ಯಾಳ ತಿಪ್ಪೇಶಿ. ಚಹಾ ಮಾಡ್ತಾಳ, ಡ್ರೈವರುಗಳಿಗೆ ಬೈತಾಳ, ನಗ್ತಾಳ ಕೂಡ. ಇನ್ನು ತೋಡಬ್ಯಾಡ.

ನಿನ್ನ
ಹುಲುಗ