ಗರಡಿಯ ಲೆಕ್ಕಕ್ಕೆ ಬಿದ್ದ ಮೂರು ಆಟೋರಿಕ್ಷಾ

ಹಾಗಾಗಿ ಆ ಮೂರು ಆಟೋರಿಕ್ಷಾಗಳು ನನ್ನವಲ್ಲ, ಮಾನ್ಯ ಕಂದಾಯ ಅಧಿಕಾರಿಗಳೇ. ನಿನ್ನೆ ತಮ್ಮ ಕಚೇರಿಯ ಮೂರನೇ ಕಿಟಕಿಯ ಮುಂದೆ ನಿಂತು ನಾನು ಇಷ್ಟು ಹೇಳುವಷ್ಟರಲ್ಲಿ ಊಟದ ಹೊತ್ತಾಯಿತೆಂದು ಕಿಟಕಿ ಮುಚ್ಚಿತು. ಊಟ ಮಾಡಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮೂರೂವರೆಗೂ ಆ ಕಿಟಕಿ ತೆರೆಯಲಿಲ್ಲ. ಇದಕ್ಕೆ ಮುಂಚೆ ಕೊಟ್ಟ ಎರಡು ಅರ್ಜಿಗಳಿಗೂ ಉತ್ತರವಿಲ್ಲ. ಆದ್ದರಿಂದ ಉಳಿದ ಮಾತನ್ನು ಹತ್ತು ಜನ ಓದುವಂತೆ ಪತ್ರಿಕೆಯ ಮೂಲಕವೇ ತಮಗೆ ಹೇಳುತ್ತಿದ್ದೇನೆ. ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಿ ಇಂಗ್ಲಿಷಿನಲ್ಲೇ ಬರೆಯೋಣವೆಂದಿದ್ದೆ. ಇಂಟರ್‌ಮೀಡಿಯೆಟ್ ಓದಿ ನಲವತ್ತು ವರ್ಷವಾಯಿತು, ಸ್ಟೇಟ್ ಆದಮೇಲೆ ಏನು ಬರುತ್ತದೋ ಮರೆತಿದೆ.

ಸಂಗತಿ ಇಷ್ಟು. ಬನಶಂಕರಿ ಎರಡನೇ ಹಂತದಲ್ಲಿ, ಅಮ್ಮಣ್ಣಿಯವರ ಮನೆಯ ಹಿಂದಿನ ಶೀಟಿನ ಕಟ್ಟಡದಲ್ಲಿ, ಇಪ್ಪತ್ತೊಂದು ವರ್ಷದಿಂದ ನಾನು ಒಂದು ಗರಡಿ ನಡೆಸುತ್ತಿದ್ದೇನೆ. ಈಗಿನ ಹುಡುಗರು ಜಿಮ್ ಎನ್ನುತ್ತಾರೆ, ಅನ್ನಲಿ. ಕುಸ್ತಿಗೆ ಕೆಂಪು ಮಣ್ಣಿನ ಮಟ್ಟಿ ಒಂದು, ಗೋಡೆಗೆ ಒರಗಿಸಿದ ಗದೆಗಳು, ಎರಡು ಬಾರ್‌ಬೆಲ್ಲು, ಒಂದಷ್ಟು ಕಬ್ಬಿಣದ ಗುಂಡುಗಳು, ಒಂದು ನಿಲುಗನ್ನಡಿ. ಇಷ್ಟೇ ನನ್ನ ಆಸ್ತಿ. ತಮ್ಮ ಕಚೇರಿ ಈ ತಿಂಗಳ ಮೊದಲ ವಾರ ಕಳಿಸಿದ ನೋಟೀಸಿನ ಪ್ರಕಾರ ಮಾತ್ರ ಇದು ಗರಡಿಯೇ ಅಲ್ಲ. ‘ಯಂತ್ರೋಪಕರಣ ಹಾಗೂ ವಾಹನ ದುರಸ್ತಿಯ ವಾಣಿಜ್ಯ ಸ್ಥಳ.’ ಅರ್ಧ ವರ್ಷಕ್ಕೆ ಅರವತ್ತನಾಲ್ಕು ರೂಪಾಯಿ ಇದ್ದ ಕಂದಾಯ ಆರುನೂರ ಹತ್ತು ಆಗಿದೆ. ಸಾಲದ್ದಕ್ಕೆ ಹಿಂದಿನ ಮೂರು ವರ್ಷದ ವ್ಯತ್ಯಾಸ ಮೂರು ಸಾವಿರದ ಇನ್ನೂರ ಎಪ್ಪತ್ತಾರು ರೂಪಾಯಿ. ಮೂವತ್ತನೇ ತಾರೀಖಿನೊಳಗೆ ಕಟ್ಟದಿದ್ದರೆ ಜಪ್ತಿ. ಕಟ್ಟಲಾಗದಿದ್ದರೆ ಗರಡಿ ಖಾಲಿ ಮಾಡಬೇಕು. ಕಟ್ಟಲು ನನ್ನ ಕೈಲಾಗುವುದಿಲ್ಲ.

ಈ ದುರಸ್ತಿ ಅಂಗಡಿ ರಾತ್ರೋರಾತ್ರಿ ಎಲ್ಲಿಂದ ಹುಟ್ಟಿತು? ಹುಟ್ಟಿದ್ದು ಹಗಲು ಹೊತ್ತಿನಲ್ಲೇ, ಆಯುಧಪೂಜೆಯ ದಿನ. ನಮ್ಮ ಕಡೆ ಒಂದು ಪದ್ಧತಿ ಬೆಳೆದುಬಂದಿದೆ. ಗರಡಿಯ ಗುಂಡು, ಗದೆಗಳಿಗೆ ಪೂಜೆ ಮಾಡುವಾಗ ಬೀದಿಯಲ್ಲಿ ಕಬ್ಬಿಣ ಇಟ್ಟುಕೊಂಡು ಬದುಕುವವರೆಲ್ಲ ತಮ್ಮ ತಮ್ಮ ಕಬ್ಬಿಣವನ್ನು ಇಲ್ಲಿಗೇ ತರುತ್ತಾರೆ. ಟೈಲರ್ ತನ್ನ ಎರಡು ಹೊಲಿಗೆ ಯಂತ್ರ ತಲೆಯ ಮೇಲೆ ಹೊತ್ತು ತರುತ್ತಾನೆ. ಸೈಕಲ್ ಶಾಪಿನವನು ಪಂಪು ತರುತ್ತಾನೆ. ಬಡಗಿ ಗರಗಸ, ಕಬ್ಬಿನ ಹಾಲಿನವನು ಗಾಣ, ಆಟೋದವರು ಆಟೋ. ಒಬ್ಬೊಬ್ಬರೂ ಬೇರೆ ಬೇರೆ ಪೂಜೆ ಮಾಡಿದರೆ ಬೂದುಗುಂಬಳ ಎಷ್ಟು ಬೇಕು, ಒಂದೇ ಕಡೆ ಮಾಡಿದರೆ ಖರ್ಚು ಹಂಚಿಹೋಗುತ್ತದೆ ಎಂದು ನನ್ನ ಹೆಂಡತಿ ಗೋವಿಂದಮ್ಮ ಶುರು ಮಾಡಿಸಿದ್ದು. ಅವಳು ಹೋಗಿ ಆರು ವರ್ಷ. ಪದ್ಧತಿ ಉಳಿದಿದೆ.

ಆ ದಿನ ತಮ್ಮ ಇನ್ಸ್‌ಪೆಕ್ಟರು ಪಕ್ಕದ ಬೀದಿಯ ಯಾರದೋ ಮನೆ ಊಟಕ್ಕೆ ಬಂದಿದ್ದವರು, ಬಾಗಿಲಲ್ಲಿ ಬಾಳೆಕಂದು ನೋಡಿ ನಿಂತರು. ನಾನೇ ಒಳಗೆ ಕರೆದೆ. ಕುರ್ಚಿ ಹಾಕಿಸಿದೆ. ಕಡಲೆಪುರಿ, ಕೋಸಂಬರಿ ಕೊಟ್ಟೆ. ಎರಡು ಸಲ ಹಾಕಿಸಿಕೊಂಡರು.

“ಏನ್ ಪಿಳ್ಳಪ್ಪನೋರೇ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ, ಭಾರಿ ಸಾಮಾನು ಇಟ್ಟಿದ್ದೀರಲ್ಲ!” ಎಂದರು.

ನಾನು ಹಿಗ್ಗಿದೆ. ಅವರು ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಹೋಗುವಾಗ, “ಒಂದ್ ಸೈನ್ ಹಾಕ್ಬಿಡಿ ಸಾರ್, ಬಂದಿದ್ದಕ್ಕೆ ಗುರುತು” ಎಂದರು. ಕೈಯಲ್ಲಿ ಕುಂಕುಮ, ಕನ್ನಡಕ ಎಲ್ಲೋ. ಪೂಜೆಯ ದಿನ ಬಾಗಿಲಿಗೆ ಬಂದವರು ಏನು ಕೇಳಿದರೂ ಇಲ್ಲ ಅನ್ನಬಾರದೆಂದು ನಮ್ಮ ಮನೆಯಲ್ಲಿ ನಡೆದುಬಂದಿದೆ. ಹಾಕಿದೆ. ಅದು ಮೂರು ಆಟೋ, ಎರಡು ಹೊಲಿಗೆ ಯಂತ್ರ, ಗಾಣ ಎಲ್ಲ ನನ್ನದೆಂದು ಬರೆದ ಪಟ್ಟಿಯೆಂದು ಗೊತ್ತಾದದ್ದು ನೋಟೀಸು ಬಂದಮೇಲೆ. ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಮಾನ್ಯರೇ, ತಟ್ಟೆಯಲ್ಲಿ ಕೋಸಂಬರಿ ಇಟ್ಟುಕೊಂಡು ತನಿಖೆ ಮಾಡಬಹುದೆಂದು ತಮ್ಮ ಯಾವ ಸುತ್ತೋಲೆಯಲ್ಲಿದೆ? ಗಾಣದ ಮೇಲೆ ಚೆಂಡುಹೂವಿನ ಹಾರವಿತ್ತು. ಆಟೋಗಳ ಚಕ್ರದಡಿ ನಿಂಬೆಹಣ್ಣಿತ್ತು. ದುರಸ್ತಿಗೆ ಬಂದ ವಾಹನಕ್ಕೆ ಯಾವ ಮೆಕ್ಯಾನಿಕ್ಕು ಅರಿಶಿನ ಕುಂಕುಮ ಹಚ್ಚುತ್ತಾನೆ?

ಕಾಲೇಜಿನಲ್ಲಿ ಲಾಜಿಕ್ ಎಂದು ಒಂದು ಸಬ್ಜೆಕ್ಟ್ ಇತ್ತು. ಹೀಗೆ ತಪ್ಪು ವಾದ ಮಾಡುವುದಕ್ಕೆ ಒಂದು ಹೆಸರೂ ಇತ್ತು, ಫ್ಯಾಲಸಿ ಆಫ್ ಏನೋ. ಏನೋ ಎಂಬುದು ಮರೆತರೂ ಫ್ಯಾಲಸಿ ನೆನಪಿದೆ. ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸಿ ಅದನ್ನು ಚಪ್ಪಲಿ ಅಂಗಡಿ ಎಂದು ಬರೆದುಕೊಂಡ ಹಾಗಾಯಿತು.

ಹೆಚ್ಚಾದ ಕಂದಾಯ ಬಾಡಿಗೆದಾರ ಯಾಕೆ ಕಟ್ಟಬೇಕೆಂದು ಓದುಗರು ಕೇಳಬಹುದು. ಅದಕ್ಕೂ ಇದನ್ನು ಬರೆಯುತ್ತಿರುವ ಮಹಾನುಭಾವನೇ ಕಾರಣ. ಅರವತ್ತೆರಡರಲ್ಲಿ ಕರಾರುಪತ್ರ ಬರೆದವನು ನಾನೇ. ಅಮ್ಮಣ್ಣಿಯವರ ಯಜಮಾನರು ಕನ್ನಡದಲ್ಲೇ ಸಾಕು ಎಂದರೂ ಕೇಳದೆ, ‘ಟೆನೆಂಟ್ ಶಲ್ ಬೇರ್ ಆಲ್ ಎನ್‌ಹಾನ್ಸ್‌ಮೆಂಟ್ಸ್’, ಅಂದರೆ ಏರಿದ್ದೆಲ್ಲ ಬಾಡಿಗೆದಾರನ ತಲೆಗೆ, ಎಂದು ಬರೆದೆ. ಕಂದಾಯ ಆಗ ಒಂಬತ್ತು ರೂಪಾಯಿ. ಸುತ್ತ ರಾಗಿ ಹೊಲ. ಹೆಚ್ಚಿದರೆ ಎಷ್ಟು ಹೆಚ್ಚೀತು ಎಂಬ ಧೈರ್ಯ.

ಈಗ ಯಜಮಾನರಿಲ್ಲ. ಅಮ್ಮಣ್ಣಿಯವರು ನೋಟೀಸು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದರು. ಇಪ್ಪತ್ತೊಂದು ವರ್ಷದಲ್ಲಿ ಆಕೆ ಗರಡಿಯ ಕಡೆ ಬಂದದ್ದು ಅದೇ ಮೊದಲು.

“ನೋಡಿ ಪಿಳ್ಳಪ್ಪನೋರೇ, ನಿಮ್ಮನ್ನ ಎಬ್ಬಿಸ್ಬೇಕು ಅಂತ ನಂಗೇನಾದ್ರೂ ಆಸೇನಾ? ನೋಟೀಸು ನನ್ನ ಹೆಸರಿಗೆ ಬಂದಿದೆ. ನಮ್ಮನೆಯವರಿದ್ದಿದ್ರೆ ಹೋಗಿ ಜಗಳ ಆಡೋರು. ನಂಗೆ ಈ ಮಂಡಿ ಇಟ್ಕೊಂಡು ಆಫೀಸ್ ಮೆಟ್ಲು ಹತ್ತಕ್ಕಾಗುತ್ತಾ?”

“ಇಲ್ಲಮ್ಮ, ನಾನು ಹೋಗ್ತೀನಿ.”

“ಹೋಗಿ. ಆದ್ರೆ ಮೂವತ್ತನೇ ತಾರೀಖು ದಾಟಿದ್ರೆ ಮಾತ್ರ... ಜಪ್ತಿ ಅಂದ್ರೆ ಪಾತ್ರೆ ಪಡಗ ಎಲ್ಲಾ ಬೀದಿಗೆ ಹಾಕ್ತಾರಂತೆ, ಹೌದಾ?”

ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಗಂಡನ ಪೆನ್ಷನ್ ಅರ್ಧ ಬರುತ್ತದೆ, ಉಳಿದದ್ದು ನನ್ನ ನೂರಿಪ್ಪತ್ತು ರೂಪಾಯಿ ಬಾಡಿಗೆ.

ಫೀಜು ಏರಿಸಿ ಎಂದು ತಮ್ಮ ಗುಮಾಸ್ತರು ಉಪದೇಶ ಮಾಡಿದರು. ಪುಸ್ತಕದಲ್ಲಿ ಮೂವತ್ತೆಂಟು ಹೆಸರಿದೆ, ತಿಂಗಳಿಗೆ ಹತ್ತು ರೂಪಾಯಿ. ಕೊಡುವವರು ಇಪ್ಪತ್ತೆರಡು. ಬಾಡಿಗೆ ಕಳೆದರೆ ನೂರು ಉಳಿಯಿತು. ಅದರಲ್ಲಿ ದೀಪದ ಬಿಲ್ಲು, ಮಟ್ಟಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ಆಮೇಲೆ ನನ್ನ ಅನ್ನ. ಬರುವವರು ಯಾರು? ಉತ್ತರಹಳ್ಳಿಯಿಂದ ಸೈಕಲ್ಲಿನಲ್ಲಿ ಹಾಲು ತರುವವರು, ಗಾರೆ ಕೆಲಸದವರು, ಶ್ರೀನಗರದ ಮಗ್ಗದವರು. ಇವರಿಗೆ ಐವತ್ತು ರೂಪಾಯಿ ಎಂದರೆ ನಾಳೆಯಿಂದ ಗದೆಗಳಿಗೆ ನಾನೊಬ್ಬನೇ. ಇರುವ ಹತ್ತನ್ನೇ ಕೇಳಲು ನನಗೆ ಬಾಯಿ ಬರುವುದಿಲ್ಲ. ಅದು ಗೋವಿಂದಮ್ಮನ ಖಾತೆ. ಒಂದನೇ ತಾರೀಖು ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತ ಕೂತರೆ ಒಬ್ಬ ಪೈಲ್ವಾನನೂ ಅವಳನ್ನು ದಾಟಿ ಒಳಗೆ ಬರುವಂತಿರಲಿಲ್ಲ. “ಏನಪ್ಪಾ, ಗುಂಡು ಅಷ್ಟು ಮೇಲಕ್ಕೆ ಎತ್ತೀಯ, ಜೇಬಿಂದ ಹತ್ತು ರೂಪಾಯಿ ಎತ್ತೋಕೆ ಶಕ್ತಿ ಇಲ್ವಾ?” ಎನ್ನುತ್ತಿದ್ದಳು. ನಾನು ಒಳಗೆ ನಿಂತು ಕೇಳಿಸಲಿಲ್ಲವೆಂಬಂತೆ ಮಣ್ಣು ಅಗೆಯುತ್ತಿದ್ದೆ. ಈಗ ತಿಂಗಳು ಹುಟ್ಟಿದರೆ ಹುಡುಗರು “ಉಸ್ತಾದ್ರೇ, ಬರೋ ವಾರ” ಎನ್ನುತ್ತಾರೆ, ನಾನು ತಲೆ ಆಡಿಸುತ್ತೇನೆ.

ಸಾಮಾನು ನಿಮ್ಮದಲ್ಲ ಎನ್ನುವುದಕ್ಕೆ ಪುರಾವೆ ತನ್ನಿ ಎಂದಿರಿ. ತಂದೆವಲ್ಲ! ನಿನ್ನೆ ಆಟೋ ಓಡಿಸುವ ಬೈಲಪ್ಪ ಒಂದು ದಿನದ ಬಾಡಿಗೆ ಕಳೆದುಕೊಂಡು, ತನ್ನ ಆರ್.ಸಿ. ಪುಸ್ತಕ ಹಿಡಿದು ನನ್ನ ಜೊತೆ ಬಂದಿದ್ದ. ಗುಮಾಸ್ತರು ಪುಸ್ತಕ ತಿರುಗಿಸಿ ನೋಡಿ, “ಗಾಡಿ ನಿಮ್ದು ಅಂತ ಇದೆ, ಸರಿ. ಗರಡಿ ಮುಂದೆ ನಿಂತಿರ್ಲಿಲ್ಲ ಅಂತ ಎಲ್ಲಿದೆ? ಪಟ್ಟಿಗೆ ಇವರ ಸೈನ್ ಇದೆ ಅಲ್ವಾ, ಇನ್ನೇನ್ರೀ?” ಎಂದರು.

ಬೈಲಪ್ಪ ಸುಮ್ಮನಿರುವ ಪೈಕಿಯಲ್ಲ. “ಸಾರ್, ಈಗ ಗಾಡಿ ನಿಮ್ ಆಫೀಸ್ ಮುಂದೆ ನಿಂತೈತೆ. ಹಂಗಾದ್ರೆ ಈಗ ನಿಮ್ದಾಯ್ತಾ? ಡೀಸೆಲ್ಲೋ ಪೆಟ್ರೋಲೋ ಗೊತ್ತಾ ನಿಮ್ಗೆ?” ಎಂದ. ಆಗಲೇ ಊಟದ ಹೊತ್ತಾದದ್ದು.

ಟೈಲರ್ ಕೂಡ ಬರೆದುಕೊಡುತ್ತೇನೆ ಎಂದು ಮುಂದೆ ಬಂದ. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಯ ಜಗುಲಿಯಲ್ಲಿ ಯಂತ್ರ ಇಟ್ಟುಕೊಂಡು ಲೈಸೆನ್ಸ್ ಇಲ್ಲದೆ ಹೊಲಿಯುತ್ತಾನೆ, ಮೂರು ಹೆಣ್ಣುಮಕ್ಕಳು. ಯಂತ್ರ ನನ್ನದು ಎಂದು ಅವನು ರುಜು ಹಾಕಿದ ಮಾರನೇ ದಿನ ಅವನ ಜಗುಲಿಗೂ ಒಂದು ನೋಟೀಸು ಹೋಗುತ್ತದೆ. ನನಗೆ ಗೊತ್ತು, ತಮಗೂ ಗೊತ್ತು. “ಪರ್ವಾಗಿಲ್ಲ ಉಸ್ತಾದ್ರೇ, ಬರೀರಿ” ಎಂದು ಕಾಗದ ಮುಂದಿಟ್ಟ. ನಾನು ಹರಿದು ಹಾಕಿದೆ. ನನ್ನ ಗರಡಿ ಉಳಿಸಿಕೊಳ್ಳಲು ಅವನ ಒಲೆ ಆರಿಸಬೇಕೆ?

ಇನ್ನೊಂದು ದಾರಿಯನ್ನೂ ತಮ್ಮ ಕಚೇರಿಯಲ್ಲೇ ಒಬ್ಬರು ಕಾಫಿ ಕುಡಿಯುತ್ತ ಹೇಳಿಕೊಟ್ಟರು. “ಹನುಮಂತನ ಫೋಟೋ ಹೇಗೂ ಇದೆ. ಒಂದು ವಿಗ್ರಹ ಇಟ್ಟು ದೇವಸ್ಥಾನ ಅಂತ ಬರೆಸ್ಬಿಡಿ. ಕಂದಾಯಾನೇ ಇಲ್ಲ!” ಒಂದು ರಾತ್ರಿ ಯೋಚನೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ದೇವಸ್ಥಾನ ಎಂದಮೇಲೆ ಪೂಜಾರಿ ಬರುತ್ತಾನೆ, ಕಮಿಟಿ ಬರುತ್ತದೆ, ಹೊಸ್ತಿಲು ಬರುತ್ತದೆ. ಹೊಸ್ತಿಲ ಈಚೆ ಯಾರು, ಆಚೆ ಯಾರು ಎಂಬ ಮಾತು ಬರುತ್ತದೆ. ಮಟ್ಟಿಗೆ ಇಳಿದವನ ಜಾತಿಯನ್ನು ಇಪ್ಪತ್ತೊಂದು ವರ್ಷದಲ್ಲಿ ನಾನು ಕೇಳಿಲ್ಲ. ಮೈಗೆ ಮಣ್ಣು ಹತ್ತಿದಮೇಲೆ ಎಲ್ಲರೂ ಒಂದೇ ಬಣ್ಣ. ಅದನ್ನು ಬಿಟ್ಟುಕೊಟ್ಟು ಗೋಡೆ ಉಳಿಸಿಕೊಂಡರೆ ಉಳಿದದ್ದು ಏನು?

ಬೇರೆ ಕಡೆ ಹೋಗಿ ಎನ್ನುತ್ತೀರಿ. ಜಯನಗರದಲ್ಲಿ, ಜೆ.ಪಿ. ನಗರದಲ್ಲಿ ವಿಚಾರಿಸಿದೆ. ಗರಡಿ ಎಂದ ಕೂಡಲೇ ಗೇಟು ಹಾಕಿಕೊಳ್ಳುತ್ತಾರೆ. ಜಾಗ ಸಿಕ್ಕಿದರೂ ಹತ್ತು ಸಾವಿರ ಅಡ್ವಾನ್ಸ್. ಗುಂಡು, ಗದೆಗಳನ್ನು ಗಾಡಿಗೆ ಹಾಕಬಹುದು. ಮಟ್ಟಿ? “ಮಣ್ಣು ತಾನೇ, ಮೂಟೆ ಕಟ್ಟಿ” ಎಂದರು ತಮ್ಮ ಗುಮಾಸ್ತರು. ವರ್ಷಕ್ಕೆರಡು ಸಲ ಅಗೆದು, ಜರಡಿ ಹಿಡಿದು, ಮಜ್ಜಿಗೆ ಹೊಯ್ದು, ಎಣ್ಣೆ ಕುಡಿಸಿ ಹದ ಮಾಡಿದ ಮಣ್ಣು ಅದು. ಮೇಲಿಂದ ಬಿದ್ದವನ ಮೂಳೆ ಮುರಿಯಬಾರದು, ಅಷ್ಟು ಮೆತ್ತಗೆ ಇರಬೇಕು, ಕಾಲು ಹೂತುಹೋಗಲೂಬಾರದು. ಇನ್ನೊಂದು ಹಾಗೆ ಮಾಡಲು ನನಗೆ ಇನ್ನೊಂದು ಇಪ್ಪತ್ತೊಂದು ವರ್ಷ ಎಲ್ಲಿದೆ, ಮಾನ್ಯರೇ? ಅರವತ್ತೊಂದು ನಡೆಯುತ್ತಿದೆ.

ರಿಯಾಯಿತಿ ಬೇಡ. ದಾನ ಬೇಡ. ಇಷ್ಟು ಮಾಡಿ. ಹಬ್ಬವಲ್ಲದ ಒಂದು ದಿನ, ಬೆಳಗಿನ ಐದೂವರೆಗೆ, ಯಾರನ್ನಾದರೂ ಕಳಿಸಿ. ಸಾಧ್ಯವಾದರೆ ತಾವೇ ಬನ್ನಿ. ಒಳಗೆ ಏನಿದೆಯೋ ಅಷ್ಟನ್ನು ಮಾತ್ರ ಬರೆದುಕೊಳ್ಳಿ. ನಾನು ಕನ್ನಡಕ ಹಾಕಿಕೊಂಡು ಓದಿ ರುಜು ಹಾಕುತ್ತೇನೆ. ಅಲ್ಲಿಯವರೆಗೆ ಜಪ್ತಿ ನಿಲ್ಲಿಸಿದ್ದೇವೆಂದು ಒಂದು ಸಾಲು ಬರೆದು, ನನಗಲ್ಲ, ಅಮ್ಮಣ್ಣಿಯವರಿಗೆ ಕಳಿಸಿ. ಅದನ್ನು ಕೈಯಲ್ಲಿ ಹಿಡಿದರೆ ಆಕೆಯೂ ನಿದ್ದೆ ಮಾಡುತ್ತಾರೆ. ಇದು ಬೇಡಿಕೆ, ಬೇಡುವುದಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ನ್ಯಾಚುರಲ್ ಜಸ್ಟಿಸ್ ಎನ್ನುತ್ತಾರೆ. ಈ ಎರಡು ಪದ ಮಾತ್ರ ಪೂರ್ತಿ ನೆನಪಿವೆ.

ಇನ್ನೂ ಬರೆಯುವುದಿತ್ತು. ಕಿಟಕಿಯ ಬೆಳಕು ಹೋಗುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಬಲ್ಬು ಹಾಕಬಹುದು. ಆದರೆ ಸಂಜೆಯವರು ಸಾಮು ತೆಗೆಯಲು ಬರುವ ತನಕ ಹಾಕುವುದಿಲ್ಲವೆಂದು ಈ ತಿಂಗಳಿನಿಂದ ನಿಯಮ ಮಾಡಿಕೊಂಡಿದ್ದೇನೆ. ಹೊರಗೆ ಯಾರದೋ ಸೈಕಲ್ಲು ನಿಂತಿತು, ಒಬ್ಬ ಬಂದ ಹಾಗಿದೆ. ಗರಡಿಗೆ ಬಂದ ನೋಟೀಸಿನ ವಿಷಯ ಅವನಿಗೆ ಇನ್ನೂ ಹೇಳಿಲ್ಲ.

ಇಂತಿ,
ಇನ್ನು ಹನ್ನೊಂದು ದಿನ ಇದೇ ವಿಳಾಸದಲ್ಲಿ ಸಿಗುವ
ಎಂ. ಪಿಳ್ಳಪ್ಪ
ಬನಶಂಕರಿ ಎರಡನೇ ಹಂತ, 19-11-1983