ಎಡದ ಮೇಲೆ ಬಲ

ಉಶಿಗೊಮೆ, ಟೋಕಿಯೊ

ಪ್ರೀತಿಯ ತಮಾವೊ,

ನಿನ್ನ ಕಥೆಗೆ ಓದುಗರ ಉತ್ತರಗಳು ಬಂದಿವೆ. ಕೊನೆಯ ಕಂತಿಗೆ ಮೊದಲು ಕಥೆ ನಿಲ್ಲಿಸಿ "ಕೊಂದವರು ಯಾರು?" ಎಂದು ಪತ್ರಿಕೆ ಕೇಳಿತ್ತಲ್ಲ, ಅಂಚೆ ಕಾರ್ಡುಗಳು ನಮ್ಮ ಕೆಂಡದ ಮಡಕೆಯ ಸುತ್ತ ಹರಡಿಕೊಂಡಿವೆ. ಹೆಚ್ಚಿನವರು ಬೆರಳು ತೋರಿಸಿರುವುದು ಹೆಂಡತಿಯ ಕಡೆಗೆ. ನಿನ್ನ ಸಂಪಾದಕರು, ಅಂದರೆ ನನ್ನ ಗಂಡ ಶುಂಜಿರೊ, ಬಹಳ ಖುಷಿಯಲ್ಲಿದ್ದಾರೆ.

ನನಗೆ ಮೊದಲ ಕಂತಿನಲ್ಲೇ ಗೊತ್ತಾಗಿತ್ತು. ಸತ್ತವನ ಕಿಮೊನೊದ ಬಲ ಅಂಚು ಎಡದ ಮೇಲಿತ್ತು ಎಂದು ಬರೆದಿದ್ದೀಯ. ಹೆಣಕ್ಕೆ ಉಡಿಸುವುದು ಹಾಗೆ; ಬದುಕಿರುವವರಿಗೆ ಎಡ ಅಂಚು ಮೇಲೆ. ಓದುಗರು ಅಪಶಕುನವೆಂದುಕೊಂಡು ಮುಂದೆ ಹೋದರು. ಆದರೆ ದಿನವೂ ಗಂಡನೆದುರು ನಿಂತು ಉಡಿಸುವವಳ ಕೈ ಹಾಗೆ ತಪ್ಪುವುದಿಲ್ಲ. ತಾನು ಉಟ್ಟು ಮಾತ್ರ ಗೊತ್ತಿರುವವಳು ಎದುರು ನಿಂತೂ ಕೈಗಳನ್ನು ಅದೇ ಕ್ರಮದಲ್ಲಿ ಆಡಿಸಿದರೆ ತಪ್ಪುತ್ತದೆ. ಕೊಂದು, ಮತ್ತೆ ಉಡಿಸಿಟ್ಟವಳು ಹೆಂಡತಿಯಲ್ಲ, ಇನ್ನೊಬ್ಬಳು.

ಇದು ನಿನಗೆ ಹೇಗೆ ಗೊತ್ತಾಯಿತು? ನಿನಗೆ ಮದುವೆಯಾಗಿಲ್ಲ, ಅಣ್ಣತಮ್ಮಂದಿರಿಲ್ಲ. ನೀನು ಬರೆದು ಮುಗಿಸುವವರೆಗೆ ನಿನ್ನ ಮನೆಯಲ್ಲಿ ಕಾದು ಕೂರುವ ಗಂಡಸು ಒಬ್ಬರೇ, ನಿನ್ನ ಸಂಪಾದಕರು. ನಾನು ಅವರನ್ನು ಕೇಳಿಯೇಬಿಟ್ಟೆ.

"ಏನು ಕಿನುಯೆ, ನೀನೂ ಪತ್ತೇದಾರಿ ಕೆಲಸ ಶುರುಮಾಡಿದ್ಯಾ?" ಎಂದರು. ಆಮೇಲೆ ಹೇಳಿದರು: "ನಿನ್ನ ಗೆಳತಿ ಕಥೆ ಹೊಳೀದೆ ತಲೆ ಕೆಡಿಸ್ಕೊಂಡು ಕೂತಿದ್ಲು. 'ಸ್ವಲ್ಪ ಎದ್ದು ನಿಲ್ಲಿ, ನೀವೀಗ ಹೆಣ' ಅಂದ್ಲು. ಹಾಕಿದ್ದ ಬಟ್ಟೆ ಮೇಲೇ ಅವಳಪ್ಪನ ಹಳೇ ಕಿಮೊನೊ ಉಡಿಸಿದ್ಲು. ಬಗ್ಗಿ ನೋಡ್ಕೊಂಡ್ರೆ ನಿಜವಾಗ್ಲೂ ಹೆಣಾನೇ ಆಗಿದ್ದೆ. ಇಬ್ರೂ ನಕ್ಕು ನಕ್ಕು ಸುಸ್ತಾದ್ವಿ."

ನಂಬುತ್ತೇನೆ. ಅವರಿಗೆ ಉಡಿಸಿ ರೂಢಿಯಿದ್ದವಳು ತಪ್ಪುತ್ತಿರಲಿಲ್ಲ; ನಿನ್ನ ತಪ್ಪೇ ನಿನ್ನ ಪರ ಸಾಕ್ಷಿ. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಆ ನಗುವಿಗಾಗಿಯೋ? ಈ ಮನೆಯಲ್ಲಿ ಅವರು ನಕ್ಕು ಸುಸ್ತಾದದ್ದನ್ನು ನಾನು ಕಂಡಿಲ್ಲ. ಇಲ್ಲವೇ ಕಥೆಗಾಗಿಯೋ? ಮಿಷನ್ ಶಾಲೆಯಲ್ಲಿ ಪ್ರಾರ್ಥನೆಯ ಪುಸ್ತಕದೊಳಗಿಟ್ಟು ಇಂಗ್ಲಿಷ್ ಪತ್ತೇದಾರಿ ಕಥೆಗಳನ್ನು ಒಟ್ಟಿಗೆ ಓದುತ್ತಿದ್ದಾಗ, ಬರೆಯುತ್ತೇನೆ ಎಂದವಳು ನಾನು. ಮದುವೆಯಾದಂದಿನಿಂದ ಆ ಎರಡು ಅಂಚುಗಳು ಪ್ರತಿ ಬೆಳಿಗ್ಗೆ ನನ್ನ ಕೈಯಲ್ಲೇ ಇದ್ದವು. ಒಮ್ಮೆ ತಪ್ಪಿದ ನಿನಗೆ ಕಥೆ ಸಿಕ್ಕಿತು. ಎಂದೂ ತಪ್ಪದ ನನಗೆ ಏನೂ ಕಾಣಿಸಲಿಲ್ಲ.

ಇವತ್ತು ಬೆಳಿಗ್ಗೆ ಬೇಕೆಂದೇ ಬಲವನ್ನು ಎಡದ ಮೇಲೆ ತಂದು ನಡುಪಟ್ಟಿ ಬಿಗಿದೆ. ಅವರು ನಿನ್ನ ಕಥೆಗೆ ಬಂದ ಕಾರ್ಡುಗಳನ್ನು ಓದುತ್ತ ನಿಂತಿದ್ದರು, ನೋಡಿಕೊಳ್ಳಲಿಲ್ಲ. ಹಾಗೇ ಹೊಸ್ತಿಲಿನವರೆಗೆ ಹೋದರು. ಆ ಬೆನ್ನು ನೋಡುತ್ತಿದ್ದಂತೆ ಹೆಣವೊಂದು ಮನೆ ಬಿಟ್ಟು ಹೊರಟಂತೆ ಕಂಡಿತು. ಓಡಿಹೋಗಿ ಬಿಚ್ಚಿ ಮತ್ತೆ ಉಡಿಸಿದೆ.

"ಏನಾಯ್ತೇ?"

"ಏನಿಲ್ಲ, ಸಡಿಲ ಆಗಿತ್ತು."

ಕೊನೆಯ ಕಂತನ್ನು ಬರೆಯಲು ಕೂರು ತಮಾವೊ. ಈ ಸಲ ಅದಕ್ಕಾಗಿ ಕಾಯಲು ನಾನು ಬರುತ್ತೇನೆ, ಅವರಿಗೂ ಹೇಳಿದ್ದೇನೆ. ಹೆಣ ಬೇಕಾದರೆ ನಾನೇ ಎದ್ದು ನಿಲ್ಲುತ್ತೇನೆ. ನಗು ಬಂದರೆ ಇಬ್ಬರೂ ನಗೋಣ.

ನಿನ್ನ ಕೈ ಹೀಗೇ ಬರೆಯುತ್ತಿರಲಿ. ಪೂರ್ತಿ ಮನಸ್ಸಿನಿಂದ ಹರಸಲು ಇನ್ನೂ ಆಗುತ್ತಿಲ್ಲ, ಆದರೂ ಹರಸುತ್ತಿದ್ದೇನೆ.

ನಿನ್ನ
ಕಿನುಯೆ